ಶುಕ್ರವಾರದ ಹಿತೈಷಿಣಿ

ಹೋಟೆಲಿನಲ್ಲಿ ಬಿಲ್ಲಿಗಾಗಿ ಕಿತ್ತಾಡುವುದು ಒಂದು ಕಲೆ. ಆ ಕಿತ್ತಾಟದಲ್ಲಿ ಮರ್ಯಾದೆಯಿಂದ ಸೋಲುವುದು ಅದಕ್ಕಿಂತ ದೊಡ್ಡ ಕಲೆ. ಸಪ್ಲೈಯರ್ ಬಿಲ್ಲು ತಂದಿಟ್ಟ ಕೂಡಲೇ ಕೈ ಚಾಚಬೇಕು, "ಛೇ ಛೇ, ನಾನಿರುವಾಗ ನೀವಾ?" ಎನ್ನಬೇಕು, ಚೀಟಿಯನ್ನು ಹರಿಯದ ಹಾಗೆ ಎಳೆಯಬೇಕು, ಎದುರಿನವರು ಎರಡನೆಯ ಸಲ ಎಳೆದಾಗ ಮುಖದಲ್ಲಿ ಆಳವಾದ ನೋವು ತೋರಿಸುತ್ತ ಬಿಟ್ಟುಬಿಡಬೇಕು. ಈ ವಿದ್ಯೆಯಲ್ಲಿ ಕನ್ನಡಕಪ್ಪ ಪಳಗಿದ ಆಳು. ಹೆಂಡತಿಯ ಅಕ್ಕನ ಗಂಡನ ಜೊತೆ, ಅಂದರೆ ಭಾವನ ಜೊತೆ, ವರ್ಷಗಟ್ಟಲೆ ಪಂದ್ಯವಾಡಿ ಒಂದನ್ನೂ ಗೆಲ್ಲದೆ ಜೇಬು ಕಾಪಾಡಿಕೊಂಡು ಬಂದಿದ್ದ.

ಕನ್ನಡಕಪ್ಪ ಎನ್ನುವುದು ಅವನ ಹೆಸರಲ್ಲ, ಕಸುಬಿನಿಂದ ಅಂಟಿಕೊಂಡದ್ದು. ಅಂಗಡಿಯ ಗೋಡೆಗೆ ಅಕ್ಷರದ ಪಟ್ಟಿ ತೂಗುಹಾಕಿ, ಕುರ್ಚಿಯಲ್ಲಿ ಕೂತವರಿಂದ ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನು ಓದಿಸುವುದು ಅವನ ಕೆಲಸ. ಓದಲಾಗದೆ ತಡವರಿಸಿದವರಿಗೆ ಕನ್ನಡಕದ ಜೊತೆಗೆ ಒಂದು ಉಪದೇಶ ಉಚಿತ: "ಸಣ್ಣಕ್ಷರ ಓದದೇ ಇರೋನು ದೊಡ್ಡ ಗುಂಡಿಗೇ ಬೀಳ್ತಾನೆ ಸಾರ್." ಅದರ ಮೇಲೆ ಇನ್ನೊಂದು: "ನಾನು ಹುಟ್ಟಿದಾಗಿಂದ ಒಂದು ಪೈಸೆ ಸಾಲ ಮಾಡಿಲ್ಲ. ಸಾಲ ಅಂದ್ರೆ ನನಗೆ ಮೈಯೆಲ್ಲಾ ತುರಿಕೆ."

ಇಂಥ ಮನುಷ್ಯ ಒಂದು ಸಂಜೆ ಹನ್ನೊಂದು ಜನ ನೆಂಟರೊಡನೆ ಊಟ ಮುಗಿಸಿ, ಎಂದಿನಂತೆ ಬಿಲ್ಲಿಗೆ ಕೈ ಚಾಚಿ, "ಭಾವ, ಇವತ್ತು ನಾನೇ" ಎಂದು ಎಳೆದ. ಭಾವ ಎಳೆಯಲಿಲ್ಲ. ಬಿಟ್ಟುಬಿಟ್ಟರು.

"ಆಯ್ತಪ್ಪ," ಎಂದರು, ಬಾಯಿ ಒರೆಸಿಕೊಳ್ಳುತ್ತ. "ನೀನು ಇಷ್ಟು ಪ್ರೀತಿಯಿಂದ ಕೇಳ್ತಿರೋವಾಗ ನಾನ್ಯಾಕೆ ಅಡ್ಡ ಬರ್ಲಿ?"

ಬಿಲ್ಲು ಐದು ಸಾವಿರದ ಎಂಟುನೂರು. ಅವತ್ತೇ ಬೆಳಿಗ್ಗೆ ಅಂಗಡಿಯ ಬಾಡಿಗೆ ಕಟ್ಟಿದ್ದರಿಂದ ಖಾತೆಯಲ್ಲಿದ್ದದ್ದು ನಾನೂರು. ಕನ್ನಡಕಪ್ಪ ನಗುನಗುತ್ತಲೇ ಎದ್ದ, ನಗುನಗುತ್ತಲೇ ಶೌಚಾಲಯಕ್ಕೆ ಹೋದ, ಚಿಲಕ ಹಾಕಿಕೊಂಡ ಮೇಲೆ ನಗು ನಿಲ್ಲಿಸಿದ. ಫೋನು ತೆಗೆದು "ತಕ್ಷಣ ದುಡ್ಡು" ಎಂದು ಒತ್ತಿದ. ಹಿತೈಷಿಣಿ ಎಂಬ ಕಂಪನಿ ಪ್ರತ್ಯಕ್ಷವಾಯಿತು. 'ಮೂರೇ ನಿಮಿಷದಲ್ಲಿ ಸಾಲ. ಮುಖ ನೋಡುವುದಿಲ್ಲ, ಮುಲಾಜಿಲ್ಲ. ಹದಿನೈದು ದಿನದಲ್ಲಿ ಹಿಂದಿರುಗಿಸಿ.' ಕಾರ್ಡಿನ ನಂಬರು ಕೇಳಿತು, ಕೊಟ್ಟ. ಆಮೇಲೆ ಷರತ್ತುಗಳು ಬಂದವು; ಬೆರಳಿನಿಂದ ಎಷ್ಟು ತಳ್ಳಿದರೂ ಮುಗಿಯಲೊಲ್ಲವು. ಹೊರಗೆ ಯಾರೋ ಬಾಗಿಲು ಬಡಿದು, "ಸ್ವಾಮಿ, ಒಳಗೇ ಮನೆ ಮಾಡಿಬಿಟ್ರಾ?" ಎಂದು ಕೂಗಿದರು. 'ಓದಿ ಒಪ್ಪಿದ್ದೇನೆ' ಎಂಬ ಚೌಕದ ಮೇಲೆ ಕನ್ನಡಕಪ್ಪ ಬೆರಳೊತ್ತಿದ. ಸಣ್ಣಕ್ಷರದ ಪ್ರವಾದಿ ಒಂದಕ್ಷರವನ್ನೂ ಓದಲಿಲ್ಲವೆಂಬುದನ್ನು ಇಲ್ಲಿ ವಿಷಾದದಿಂದ ದಾಖಲಿಸಬೇಕಾಗಿದೆ.

ಆರು ಸಾವಿರ ಬಂತು. ಹೊರಗೆ ಬಂದು ರಾಜನಂತೆ ಬಿಲ್ಲು ಕೊಟ್ಟ. ಹದಿನೈದು ದಿನ ಟೀ ಬಿಟ್ಟು, ನಡೆದೇ ಓಡಾಡಿ, ಬಡ್ಡಿ ಸೇರಿಸಿ ಆರು ಸಾವಿರದ ಒಂಬೈನೂರು ವಾಪಸ್ಸು ಕಟ್ಟಿದ. 'ನಿಮ್ಮ ಸಾಲ ತೀರಿದೆ, ಧನ್ಯವಾದ' ಎಂದು ಸಂದೇಶವೂ ಬಂತು. ಕನ್ನಡಕಪ್ಪ ಸಿಳ್ಳೆ ಹೊಡೆಯುತ್ತ ಅಂಗಡಿಯ ಗಾಜು ಒರೆಸಿದ.

ಮುಂದಿನ ಶುಕ್ರವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಫೋನು ಟಿಣ್ ಎಂದಿತು. 'ಹಿತೈಷಿಣಿಗೆ ನಿಮ್ಮ ಕಾರ್ಡಿನಿಂದ ೮೯೯ ಪಾವತಿಯಾಗಿದೆ.'

ಕಂಪನಿಗೆ ಫೋನು ಮಾಡಿದ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಬಂದ.

"ಅದು ಸದಸ್ಯತ್ವದ ಶುಲ್ಕ ಸರ್. ಷರತ್ತು ನಲವತ್ತೊಂದು. ವಾರ ವಾರ ಕಟ್ ಆಗುತ್ತೆ."

"ಯಾರಪ್ಪ ಸದಸ್ಯ? ನಾನು ಸಾಲ ತೀರಿಸಿ ಆಯ್ತು!"

"ಸಾಲ ತೀರಿದೆ ಸರ್. ಸಂಬಂಧ ತೀರಿಲ್ಲ."

"ನನಗೆ ಸಂಬಂಧ ಬೇಡ!"

"ನಿಲ್ಲಿಸೋದು ನಮ್ಮ ಕೈಲಿಲ್ಲ ಸರ್, ಬ್ಯಾಂಕಿನವರನ್ನ ಕೇಳಿ."

ಅಂಗಡಿಗೆ ಬೀಗ ಹಾಕಿ ಬ್ಯಾಂಕಿಗೆ ಓಡಿದ. ಮೂರನೇ ಕೌಂಟರಿನ ಗುಮಾಸ್ತ ಕಂಪ್ಯೂಟರಿನಿಂದ ಮುಖ ತಿರುಗಿಸದೆ, "ಕಾರ್ಡ್ ನಂಬರ್ ಕೊಟ್ಟೋರು ಯಾರು? ನೀವು. ತಗೊಂಡೋರು ಯಾರು? ಅವರು. ನಡುವೆ ನಾವು ಯಾರು? ಕಂಪನಿಯವರನ್ನೇ ಕೇಳಿ" ಎಂದ.

ಎರಡು ಬಾಗಿಲುಗಳ ನಡುವೆ ಚೆಂಡಾದ ಕನ್ನಡಕಪ್ಪ ತಾನೇ ಒಂದು ಉಪಾಯ ಕಂಡುಹಿಡಿದ. ಫ್ರೇಮು ಕತ್ತರಿಸುವ ಕಟ್ಟರಿನಿಂದ ಕಾರ್ಡನ್ನು ಎಂಟು ತುಂಡು ಮಾಡಿ, ತುಂಡುಗಳು ಮತ್ತೆ ಒಂದಾಗಬಾರದೆಂದು ಮೂರು ಬೀದಿಯ ಮೂರು ಕಸದ ಡಬ್ಬಿಗಳಲ್ಲಿ ಹಾಕಿ ಬಂದ. ಶುಕ್ರವಾರ ಒಂಬತ್ತೂ ಹತ್ತಕ್ಕೆ ಫೋನು ಟಿಣ್ ಎಂದಿತು. ಸತ್ತ ಕಾರ್ಡು ಎದ್ದುಬಂದು ಎಂಟುನೂರ ತೊಂಬತ್ತೊಂಬತ್ತು ಕೊಟ್ಟುಹೋಗಿತ್ತು.

ಅದರ ಮುಂದಿನ ಶುಕ್ರವಾರ ಅವನು ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು ಗಡ್ಡ ಕೆರೆಯುತ್ತಿದ್ದಾಗ ಫೋನು ಅಡಿಗೆಮನೆಯ ಕಟ್ಟೆಯ ಮೇಲಿತ್ತು. ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನು ತೆಗೆದುಕೊಂಡು ರೋಗಿಗಳಿಗೆ ಸಮಯ ಕೊಡುವವಳು. ಯಾವ ಫೋನು ಸದ್ದು ಮಾಡಿದರೂ ಕೈ ತಾನಾಗಿಯೇ ಹೋಗುತ್ತದೆ.

"ರೀ, ಇದೇನ್ರೀ, ಹಿತೈಷಿಣಿಗೆ ಎಂಟುನೂರ ತೊಂಬತ್ತೊಂಬತ್ತು? ಹೋದ ವಾರಾನೂ ಇದೆ. ಅದರ ಹಿಂದಿನ ವಾರಾನೂ ಇದೆ!"

ಸಾಲ ಎಂಬ ಎರಡಕ್ಷರ ಕನ್ನಡಕಪ್ಪನ ಗಂಟಲವರೆಗೆ ಬಂತು. ಅಲ್ಲಿ ಇಷ್ಟು ವರ್ಷದ ಉಪದೇಶಗಳೆಲ್ಲ ಅಡ್ಡ ನಿಂತಿದ್ದವು. ನೊರೆಯ ನಡುವಿನಿಂದ ಬೇರೆಯೇ ಮಾತು ಹೊರಬಿತ್ತು.

"ಅದಾ... ಒಂದು ಅನಾಥಾಶ್ರಮ ಕಣೇ. ವಾರಕ್ಕೊಂದಿಷ್ಟು ಕೊಡ್ತಾ ಇದೀನಿ. ಹೇಳ್ಕೊಳ್ಳೋದು ಯಾಕೆ ಅಂತ..."

ಹೆಂಡತಿಯ ಕಣ್ಣು ತುಂಬಿತು.

"ಅದಕ್ಕೇನಾ ಟೀ ಬಿಟ್ಟಿದ್ದು? ಅದಕ್ಕೇನಾ ನಡ್ಕೊಂಡು ಓಡಾಡಿದ್ದು? ಎಷ್ಟು ಮಕ್ಕಳಿದಾರ್ರೀ ಅಲ್ಲಿ?"

"ನಲವತ್ತೊಂದು," ಎಂದ ಕನ್ನಡಕಪ್ಪ. ಷರತ್ತಿನ ನಂಬರು ಬಾಯಲ್ಲೇ ಇತ್ತು.

ಗುಪ್ತದಾನ ಹನ್ನೊಂದು ಗಂಟೆಯವರೆಗೆ ಗುಪ್ತವಾಗಿತ್ತು. ಹನ್ನೊಂದಕ್ಕೆ ಕ್ಲಿನಿಕ್ಕಿನ ಡಾಕ್ಟರಿಗೆ ತಿಳಿಯಿತು. ಅವರು ಕೈಯಲ್ಲಿ ಇಕ್ಕಳ ಹಿಡಿದೇ ಬಾಯಿ ತೆರೆದು ಮಲಗಿದ್ದ ರೋಗಿಗೆ ಹೇಳಿದರು. ರೋಗಿ ಬೇರೆ ಯಾರೂ ಅಲ್ಲ, ಕನ್ನಡಕಪ್ಪನ ಮನೆಯಿದ್ದ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷೆ. ಮೂವತ್ತೈದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು, ಎಲ್ಲರ ಬಾಯಲ್ಲೂ ಮಿಸ್. ಅರ್ಧ ಬಾಯಿ ಮರಗಟ್ಟಿದ್ದರೂ ಮಿಸ್ ಸಂಜೆಯೊಳಗೆ ಇಪ್ಪತ್ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿದರು.

ಮರುದಿನ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ಹಳೆಯ ಬಟ್ಟೆಗಳ ಗಂಟು. ಮಧ್ಯಾಹ್ನಕ್ಕೆ ಕರಡಿ ಬೊಂಬೆಗಳು, ಒಂದು ಮೂರು ಗಾಲಿಯ ಸೈಕಲ್ಲು, ಅರ್ಧ ಬಣ್ಣ ಬಳಿದ ಚಿತ್ರಪುಸ್ತಕಗಳು. ಕಣ್ಣು ಪರೀಕ್ಷೆಗೆ ಬಂದ ಗಿರಾಕಿಗೆ ಕೂರಲು ಕುರ್ಚಿ ಕಾಣಿಸಲಿಲ್ಲ. ಮನೆಯಲ್ಲಿ ಹೆಂಡತಿ ಸ್ವೆಟರ್ ಹೆಣೆಯಲು ಶುರುಮಾಡಿದ್ದಳು. "ಒಂದು ವಾರಕ್ಕೆ ಮೂರು ಮುಗಿದ್ರೆ, ನಲವತ್ತೊಂದಕ್ಕೆ ಎಷ್ಟಾಯ್ತು?" ಎಂದು ಅವನನ್ನೇ ಕೇಳಿದಳು.

ಭಾವ ಬಂದರು. ಅವರ ಮುಖದಲ್ಲಿ ಅಭಿಮಾನಕ್ಕಿಂತ ಹೊಟ್ಟೆಯುರಿ ಎರಡು ಚಮಚ ಹೆಚ್ಚಿತ್ತು.

"ಎಲ್ಲಿದೆಯಪ್ಪ ಈ ಆಶ್ರಮ?"

"ತುಂಬಾ ದೂರ ಭಾವ."

"ಎಷ್ಟು ದೂರ? ನನ್ನ ಕಾರಲ್ಲೇ ಹೋಗೋಣ."

"ಕಾರು ಹೋಗಲ್ಲ ಭಾವ."

"ಮತ್ತೆ ಮಕ್ಕಳು ಹೇಗೆ ಹೋದ್ರು?"

ಕನ್ನಡಕಪ್ಪ ಕೆಮ್ಮಿದ, ಕೆಮ್ಮು ನಿಲ್ಲುವವರೆಗೆ ಕಾದು ಸುಸ್ತಾಗಿ ಭಾವ ಹೊರಟುಹೋದರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸನ್ಮಾನ ಎಂದು ಮಿಸ್ ಸುತ್ತೋಲೆ ಹೊರಡಿಸಿದರು. ತಪ್ಪಿಸಿಕೊಳ್ಳಲು ಕನ್ನಡಕಪ್ಪ ಹಲ್ಲುನೋವು ಎಂದ. ಹಲ್ಲಿನ ಡಾಕ್ಟರೇ ಮುಖ್ಯ ಅತಿಥಿ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಹಿತೈಷಿಣಿ ನಾಲ್ಕನೆಯ ಸಲ ತನ್ನ ಪಾಲು ತೆಗೆದುಕೊಂಡಳು. ಮೂರಕ್ಕೆ ಅವನು ಕಟ್ಟಡದ ನೆಲಮಹಡಿಯ ಸಭೆಯ ಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಮೂವತ್ತು ಜನರೆದುರು, ದೊಡ್ಡ ಹೂಗುಚ್ಛ ತಬ್ಬಿಕೊಂಡು ಬೆವರುತ್ತಿದ್ದ.

ಮಿಸ್ ಮೈಕು ಹಿಡಿದರು. "ದಾನ ಮಾಡಿ ಡಂಗುರ ಹೊಡೆಯೋರು ತುಂಬಾ ಜನ. ಈ ಮನುಷ್ಯನ ಬಾಯಿಂದ ಒಂದೇ ಒಂದು ಮಾತು ಬಂತಾ? ಕಲೀರಿ!"

ಚಪ್ಪಾಳೆ. ಹೆಂಡತಿ ಮೊದಲ ಸಾಲಿನಲ್ಲಿ ಕಣ್ಣೊರೆಸಿಕೊಂಡಳು.

"ಇವರಿಂದ ಸ್ಫೂರ್ತಿ ಪಡೆದು ನಮ್ಮ ಸಂಘದ ಎಲ್ಲ ಮನೆಯವರೂ ಇವತ್ತಿನಿಂದಲೇ ಹಿತೈಷಿಣಿಗೆ ಸೇರ್ತಾ ಇದೀವಿ. ಎಲ್ಲರೂ ಫೋನು ತೆಗೀರಿ!"

ಮೂವತ್ತು ಫೋನುಗಳು ಹೊರಬಂದವು. ಆಗ ಹಿಂದಿನ ಸಾಲಿನಲ್ಲಿ ಒಂದನೇ ನಂಬರಿನ ಮನೆಯ ಪಿಂಚಣಿ ಅಜ್ಜಿ ಎದ್ದು ನಿಂತರು. ಒಬ್ಬರೇ ಇರುವ, ಪಿಂಚಣಿಯಲ್ಲಿ ಔಷಧಿಗೂ ಹಾಲಿಗೂ ಲೆಕ್ಕ ಹಾಕಿ ಬದುಕುವ ಜೀವ.

"ನಾನು ಬೆಳಿಗ್ಗೇನೇ ಸೇರ್ಕೊಂಡುಬಿಟ್ಟೆ ಕಣ್ರಪ್ಪ! ಹೆಸರು ಕೇಳ್ತು, ಕಾರ್ಡಿನ ನಂಬರ್ ಕೇಳ್ತು, ಎಲ್ಲಾ ಕೊಟ್ಟೆ. ಎಂಥಾ ಒಳ್ಳೇ ಜನ ಅಂತೀರಿ! ದಾನ ಮಾಡೋಕೆ ಹೋದ್ರೆ ನನ್ನ ಖಾತೆಗೇ ಹತ್ತು ಸಾವಿರ ಹಾಕಿದಾರೆ!"

ಕೋಣೆಯಲ್ಲಿ ಒಡ್ಡು ಒಡೆದಂತೆ ಗದ್ದಲ. "ಕೊಡೋರಿಗೇ ಕೊಡ್ತಾರಂತೆ!" "ಅಜ್ಜಿ, ಯಾವುದನ್ನ ಒತ್ತಿದ್ರಿ? ಹಸಿರಾ, ಕೆಂಪಾ?" ಡಾಕ್ಟರು ಕುರ್ಚಿಯ ಮೇಲೆ ಹತ್ತಿ ಸಿಗ್ನಲ್ಲು ಹುಡುಕತೊಡಗಿದರು.

ಕನ್ನಡಕಪ್ಪನಿಗೆ ಅಜ್ಜಿಯ ಮುಖವೊಂದೇ ಕಾಣಿಸುತ್ತಿತ್ತು. ಹದಿನೈದು ದಿನಕ್ಕೆ ಬಡ್ಡಿ. ಆಮೇಲೆ ಶುಕ್ರವಾರ. ಅದರ ಮುಂದಿನ ಶುಕ್ರವಾರ. ಅಜ್ಜಿ ಟೀ ಬಿಡಬಹುದು, ಔಷಧಿ ಬಿಡಲಾಗುತ್ತದೆಯೇ? ಅವನು ಹೂಗುಚ್ಛವನ್ನು ಬಿಸಾಡಿ, ಮಿಸ್ ಕೈಯಿಂದ ಮೈಕನ್ನು ಕಿತ್ತುಕೊಂಡ. ಮಿಸ್ ಕೈಯಿಂದ ಏನನ್ನಾದರೂ ಕಿತ್ತುಕೊಂಡವರು ಮೂವತ್ತೈದು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

"ಯಾರೂ ಒತ್ತಬೇಡಿ! ಬೆರಳು ಮೇಲೆತ್ತಿ! ಎಲ್ಲರೂ ಬೆರಳು ಮೇಲೆತ್ತಿ!"

ಮೂವತ್ತು ಬೆರಳು ಮೇಲೆದ್ದವು.

"ಅದು ಅನಾಥಾಶ್ರಮ ಅಲ್ಲ! ಜನರನ್ನ ಅನಾಥ ಮಾಡೋ ಆಶ್ರಮ! ಅದು ಸಾಲದ ಕಂಪನಿ! ನಾನು ದಾನ ಮಾಡಿಲ್ಲ, ಸಾಲ ಮಾಡಿದ್ದೆ! ಹೋಟೆಲ್ ಶೌಚಾಲಯದಲ್ಲಿ ಕೂತು ಸಾಲ ಮಾಡಿದ್ದೆ! ತೀರಿಸಿದ್ರೂ ಬಿಡ್ತಿಲ್ಲ, ವಾರ ವಾರ ಕೀಳ್ತಿದಾರೆ! ನಲವತ್ತೊಂದು ಮಕ್ಕಳಿಲ್ಲ, ಒಂದೂ ಇಲ್ಲ! ಅಜ್ಜೀ, ಅದು ನಿಮಗೆ ಕೊಟ್ಟಿದ್ದಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳ!"

ಮೈಕು ಕೀರಲು ದನಿಯಲ್ಲಿ ಕಿರುಚಿ ಸುಮ್ಮನಾಯಿತು. ಅಜ್ಜಿ ಮೆಲ್ಲಗೆ ಕೂತರು. ಹೆಂಡತಿ ಎದ್ದಳು. ಅವನನ್ನು ನೋಡದೆ, ಗೋಡೆಯ ಗಡಿಯಾರ ನೋಡಿ, "ಬ್ಯಾಂಕು ನಾಲ್ಕಕ್ಕೆ ಮುಚ್ಚುತ್ತೆ. ಈಗ ಮೂರೂ ಮೂವತ್ತೈದು" ಎಂದಳು.

ಇಷ್ಟು ಸಾಕಾಯಿತು. ಸಭೆಗೆ ಸಭೆಯೇ ಬೀದಿಗಿಳಿಯಿತು. ಮುಂದೆ ಮಿಸ್, ಅವರ ಹಿಂದೆ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡ ಡಾಕ್ಟರು ಮತ್ತು ಭಾವ, ಹಿಂದೆ ಇಪ್ಪತ್ತೈದು ಜನ. ನೋಡಿದವರು ಮದುವೆಯೋ ಮುಷ್ಕರವೋ ತಿಳಿಯದೆ ದಾರಿ ಬಿಟ್ಟರು. ಬ್ಯಾಂಕಿನ ಕಾವಲುಗಾರ ಕೋಲು ಅಡ್ಡ ಹಿಡಿದು, "ದ... ದರೋಡೆನಾ?" ಎಂದ.

"ನಾವಲ್ಲಪ್ಪ," ಎಂದರು ಅಜ್ಜಿ ಕುರ್ಚಿಯ ಮೇಲಿನಿಂದ. "ದರೋಡೆ ಆಗ್ಲೇ ಆಗಿದೆ. ದಾರಿ ಬಿಡು."

ಮೂರನೇ ಕೌಂಟರಿನಲ್ಲಿ ಅದೇ ಗುಮಾಸ್ತ. ಕನ್ನಡಕಪ್ಪನನ್ನು ಕಂಡು ಬೇಸರದಿಂದ, "ಇವರಿಗೆ ನಾನು ಅವತ್ತೇ ಹೇಳಿದೀನಲ್ಲ, ಕಂಪನಿಯವರನ್ನ ಕೇಳಿ ಅಂತ" ಎಂದ.

"ಕಂಪನಿಯವರು ನಿಮ್ಮನ್ನ ಕೇಳು ಅಂತಾರೆ!" ಎಂದ ಕನ್ನಡಕಪ್ಪ.

"ಅದಕ್ಕೆ ನಾವೇನು ಮಾಡೋಣ?"

ಅಜ್ಜಿ ಕೌಂಟರಿನ ಮೇಲೆ ಕೈಯೂರಿ ಎದ್ದು ನಿಂತರು. "ಮಗಾ, ಒಂದು ಮಾತು ಕೇಳ್ತೀನಿ. ನನ್ನ ಖಾತೇಲಿರೋ ಪಿಂಚಣಿ ಯಾರದ್ದು? ನಂದಾ, ಅವರದ್ದಾ?"

"ನಿಮ್ಮದೇ ಅಜ್ಜಿ."

"ಇಟ್ಕೊಂಡಿರೋರು ಯಾರು?"

"ನಾವು."

"ನನ್ನ ದುಡ್ಡು, ನಿನ್ನ ಪೆಟ್ಟಿಗೆ. ಕೊಡಬೇಡ ಅಂತ ನಾನು ಎದುರಿಗೆ ನಿಂತು ಹೇಳ್ತಿದೀನಿ. ಆದ್ರೂ ಯಾಕೆ ಕೊಡ್ತೀಯಪ್ಪ?"

ಗುಮಾಸ್ತ ಬಾಯಿ ತೆರೆದ. ಅವನ ಬಾಯಲ್ಲಿ ಉತ್ತರವಿರಲಿಲ್ಲ. ಇರಲಿಲ್ಲವೆಂಬುದನ್ನು ಹಲ್ಲಿನ ಡಾಕ್ಟರೇ ಹತ್ತಿರದಿಂದ ಕಂಡರು. ಗದ್ದಲಕ್ಕೆ ಮ್ಯಾನೇಜರ್ ಹೊರಬಂದರು. ವಿಷಯ ಕೇಳಿ, ಕಂಪ್ಯೂಟರಿನಲ್ಲಿ ನಿಯಮ ಹುಡುಕಿ ಓದತೊಡಗಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

"ಕಾರ್ಡಿನಿಂದ ಪದೇ ಪದೇ ಹೋಗುವ ಪಾವತಿಯನ್ನು ನಿಲ್ಲಿಸಲು ಗ್ರಾಹಕರು ಬ್ಯಾಂಕಿಗೆ ತಿಳಿಸಿದರೆ ಸಾಕು. ಕಂಪನಿಯ ಒಪ್ಪಿಗೆ ಬೇಕಾಗಿಲ್ಲ."

"ಕೇಳಿಸಲಿಲ್ಲ," ಎಂದರು ಮಿಸ್. "ಜೋರಾಗಿ. ನೀನು ಓದು."

ಗುಮಾಸ್ತ ಎದ್ದು ನಿಂತು, ಕೈ ಕಟ್ಟಿಕೊಂಡು, ಗಟ್ಟಿಯಾಗಿ ಓದಿದ.

"ಮುಂದಿನ ಸಾಲು?"

"ತಿಳಿಸಿದ... ತಿಳಿಸಿದ ಮೇಲೂ ಪಾವತಿ ಹೋದರೆ ಆ ಮೊತ್ತವನ್ನು ಬ್ಯಾಂಕೇ ಹಿಂದಿರುಗಿಸತಕ್ಕದ್ದು." ಅವನು ಬೆವರೊರೆಸಿಕೊಂಡ. "ಆದ್ರೆ ಇವರು ಮೊದಲೇ ತಿಳಿಸಿದ್ರು ಅನ್ನೋಕೆ ಏನು ಆಧಾರ ಇದೆ ಮಿಸ್?"

ಸಭೆಯಿಂದ ಇಲ್ಲಿಯವರೆಗೆ ತುಟಿ ಬಿಚ್ಚದಿದ್ದ ಹೆಂಡತಿ ಮುಂದೆ ಬಂದಳು. "ಈಗ ತಾನೇ ನೀವೇ ಅಂದ್ರಲ್ಲ ಸಾರ್, ಅವತ್ತೇ ಹೇಳಿದೀನಿ ಅಂತ. ಅವತ್ತು ಅಂದ್ರೆ ಯಾವತ್ತು?"

ಮೂವತ್ತು ಸಾಕ್ಷಿಗಳು ಗುಮಾಸ್ತನನ್ನು ನೋಡಿದರು. ಅವನು ತಾರೀಖು ಹೇಳಿದ. ಆ ತಾರೀಖಿನಿಂದ ಈಚೆಗೆ ಮೂರು ಶುಕ್ರವಾರ. ಎರಡು ಸಾವಿರದ ಆರುನೂರ ತೊಂಬತ್ತೇಳು. ಮ್ಯಾನೇಜರ್ ಬರೆದುಕೊಂಡರು. ಮೊದಲನೇ ಶುಕ್ರವಾರದ್ದನ್ನು ಕಂಪನಿಯ ಮೇಲೆ ದೂರು ಕೊಟ್ಟೇ ಪಡೆಯಬೇಕು ಎಂದರು. ಅಜ್ಜಿಯ ಹತ್ತು ಸಾವಿರ ಮುಟ್ಟದೆ ಹಾಗೇ ಇತ್ತು. ಸಾಲ ಸಾಲವೇ ಆದ್ದರಿಂದ ಅದನ್ನು ಅಲ್ಲೇ ಹಿಂದಕ್ಕೆ ಕಳಿಸಿ, ಇನ್ನು ಮುಂದೆ ಹಿತೈಷಿಣಿಗೆ ಕಾಸೂ ಹೋಗದಂತೆ ಇಬ್ಬರಿಂದಲೂ ಒಂದೊಂದು ಫಾರ್ಮು ತುಂಬಿಸಿ ಬಾಗಿಲು ಹಾಕಿದರು. ಎಲ್ಲ ಸೇರಿ ಏಳು ನಿಮಿಷ.

ಜನ ಹೊರಡುವಾಗ ಭಾವ ಕೌಂಟರಿನತ್ತ ವಾಲಿ, ದನಿ ತಗ್ಗಿಸಿ ಕೇಳಿದರು. "ಈ ಫಾರ್ಮು... ಬೇರೆ ಕಂಪನಿಗೂ ನಡೆಯುತ್ತಾ? ನನ್ನ ಸ್ನೇಹಿತನೊಬ್ಬನಿಗೆ ಬೇಕಿತ್ತು."

"ಸ್ನೇಹಿತರೇ ಬರಬೇಕು ಸಾರ್."

ಭಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಬಂದಿದಾನೆ," ಎಂದರು.

ಅವರ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಡಾಕ್ಟರು. ಅವರಿಗೂ ಒಬ್ಬ ಸ್ನೇಹಿತನಿದ್ದ. ನಾಲ್ಕು ಗಂಟೆ ಹೊಡೆಯುವ ಹೊತ್ತಿಗೆ ಮೂರನೇ ಕೌಂಟರಿನಿಂದ ಬಾಗಿಲವರೆಗೆ, ಹುಟ್ಟಿದಾಗಿಂದ ಸಾಲವನ್ನೇ ಮಾಡದವರ ಸಾಲು ನಿಂತಿತ್ತು. ಮ್ಯಾನೇಜರ್ ಬ್ಯಾಂಕನ್ನು ಐದೂ ಕಾಲಿನವರೆಗೆ ತೆರೆದಿಟ್ಟರು. ಎಲ್ಲರದ್ದೂ ಮುಗಿದ ಮೇಲೆ ಗುಮಾಸ್ತ ಒಂದು ಫಾರ್ಮು ತೆಗೆದು ತನ್ನದೇ ಹೆಸರು ಬರೆದುಕೊಂಡನಂತೆ. ಇದನ್ನು ಕಾವಲುಗಾರ ಕಣ್ಣಾರೆ ಕಂಡಿದ್ದಾನೆ.

ಮನೆಗೆ ಹೋಗುವ ದಾರಿಯಲ್ಲಿ ಕನ್ನಡಕಪ್ಪ ಹೆಂಡತಿಯ ಎರಡು ಹೆಜ್ಜೆ ಹಿಂದೆ ನಡೆದ.

"ಕೋಪ ಇದ್ರೆ ಬೈದುಬಿಡೇ."

"ಸಾಲ ಮಾಡಿದ್ದಕ್ಕೆ ಕೋಪ ಇಲ್ಲ," ಎಂದಳು. "ಆ ನಲವತ್ತೊಂದು ಮಕ್ಕಳು ಚಳೀಲಿ ಹೇಗಿದಾವೋ ಅಂತ ಒಂದು ವಾರ ನಿದ್ದೆ ಮಾಡಿಲ್ಲ ಕಣ್ರೀ ನಾನು."

ಭಾನುವಾರ ಅಂಗಡಿಯಲ್ಲಿದ್ದ ಗಂಟುಗಳನ್ನೆಲ್ಲ ಭಾವನ ಕಾರಿಗೆ ತುಂಬಿ, ಮಿಸ್ ಹುಡುಕಿಕೊಟ್ಟ ನಿಜವಾದ ಮಕ್ಕಳ ಮನೆಯೊಂದಕ್ಕೆ ಒಯ್ದುಕೊಟ್ಟ. ಅಲ್ಲಿದ್ದದ್ದು ಹದಿನಾಲ್ಕು ಮಕ್ಕಳು. ಹೆಂಡತಿ ಹೆಣೆದಿದ್ದ ಮೂರು ಸ್ವೆಟರುಗಳಿಗೆ ಅಲ್ಲಿ ದೊಡ್ಡ ಜಗಳವೇ ಆಯಿತು. ಉಳಿದ ಹನ್ನೊಂದಕ್ಕೆ ಅಳತೆ ತೆಗೆದುಕೊಂಡು ಬಂದಳು. ದಾರಿಯಲ್ಲಿ ಅವನ ಜೊತೆ ಮಾತೂ ಆಡಿದಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಕನ್ನಡಕದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋನನ್ನು ನಡುವಿನ ಗಾಜಿನ ಮೇಜಿನ ಮೇಲಿಟ್ಟು ಎಲ್ಲರೂ ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದರು. ಒಂಬತ್ತೂ ಹತ್ತು. ಫೋನು ಸುಮ್ಮನಿತ್ತು. ಒಂಬತ್ತೂ ಹನ್ನೊಂದು. ಸುಮ್ಮನೇ ಇತ್ತು. ಒಂಬತ್ತೂ ಹದಿನಾಲ್ಕಕ್ಕೆ ಟಿಣ್ ಎಂದಾಗ ಭಾವ ಎದೆ ಹಿಡಿದುಕೊಂಡು ಕೂತೇಬಿಟ್ಟರು. ಮಿಸ್ ಬಗ್ಗಿ ಓದಿದರು: 'ನಿಮ್ಮ ಖಾತೆಗೆ ೨೬೯೭ ಜಮಾ ಆಗಿದೆ.'

ಅಂಗಡಿಯ ಚಾವಣಿ ಹಾರಿಹೋಗುವಂತೆ ಕೂಗೆದ್ದಿತು. ಅಜ್ಜಿ ಅಕ್ಷರದ ಪಟ್ಟಿಗೇ ಮುತ್ತು ಕೊಟ್ಟರು. ಆ ಗದ್ದಲದಲ್ಲೇ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಕರೆ. ಹೆಂಡತಿ ತೆಗೆದುಕೊಂಡು, ಎಲ್ಲರಿಗೂ ಕೇಳಿಸುವಂತೆ ಜೋರು ಮಾಡಿದಳು.

"ನಮಸ್ಕಾರ," ಎಂದಿತು ಜೇನು ಸುರಿಯುವ ಹೆಣ್ಣುದನಿ. "ನಾನು ಹಿತೈಷಿಣಿ ಕಡೆಯಿಂದ ಮಾತಾಡ್ತಿದೀನಿ. ಸರ್ ಯಾಕೋ ನಮ್ಮ ಸಂಬಂಧ ಕಡ್ಕೊಂಡಿದಾರೆ. ನಮ್ಮಿಂದ ಏನಾದ್ರೂ ಬೇಜಾರಾಯ್ತಾ? ಅವರು ವಾಪಸ್ ಬಂದ್ರೆ ಮೊದಲ ತಿಂಗಳು ಏನೂ ತಗೊಳ್ಳಲ್ಲ."

ಹೆಂಡತಿ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸಮಯವಿಲ್ಲ ಎಂದು ಹೇಳುವ ಅದೇ ತಣ್ಣಗಿನ ದನಿಯಲ್ಲಿ ಉತ್ತರಿಸಿದಳು.

"ನೋಡಮ್ಮಾ, ಅವರಿಗೆ ಮದುವೆ ಆಗಿದೆ. ಅವರ ಜೇಬು ಖಾಲಿ ಮಾಡೋಕೆ ಮನೇಲೇ ಜನ ಇದೀವಿ. ಇಡ್ತೀನಿ."